ಗಂಡಮ್: 43 ಕಂತು ನೋಡಬೇಕಾ, 3 ಸಿನಿಮಾ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಟೀವಿ ಸರಣಿಯ ಪಕ್ಷ. ಸಿನಿಮಾ ಸೆಟ್ ಕೊಂಡು ಕೈ ಸುಟ್ಟುಕೊಂಡವನು ಬೇರೆ. ಹಾಗಾಗಿ ಇಲ್ಲಿ ತಕ್ಕಡಿ ಸಮನಾಗಿ ತೂಗುತ್ತದೆ ಅಂತ ನಿರೀಕ್ಷಿಸಬೇಡಿ.

ಮಾತಾಡುತ್ತಿರುವುದು 1979ರ ಮೊದಲ 'ಮೊಬೈಲ್ ಸೂಟ್ ಗಂಡಮ್' ಎಂಬ ಜಪಾನೀಸ್ ಅನಿಮೇಶನ್ ಬಗ್ಗೆ. (ಊರಿಂದ ಬಂದಿದ್ದ ಅಮ್ಮ ಪೆಟ್ಟಿಗೆ ನೋಡಿ "ಯಾರೋ ಅದು ಗಂಡಮ್ಮ, ಯಾವ ಊರ ದೇವರು?" ಎಂದು ಕೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಗಂಡಮ್ಮ ಅಂತಲೇ ಹೆಸರು.) ಈ ಕತೆ ಎರಡು ರೂಪದಲ್ಲಿ ಸಿಗುತ್ತದೆ. 1979ರ ಏಪ್ರಿಲ್‌ನಿಂದ 1980ರ ಜನವರಿವರೆಗೆ ನಗೋಯಾ ಟೀವಿಯಲ್ಲಿ ಬಂದ 43 ಕಂತುಗಳು ಒಂದು. ಅವನ್ನೇ ಕತ್ತರಿಸಿ, ಅಲ್ಲಲ್ಲಿ ಹೊಸದಾಗಿ ಚಿತ್ರ ಬಿಡಿಸಿ ಸೇರಿಸಿ 1981 ಮತ್ತು 82ರಲ್ಲಿ ಬಿಟ್ಟ ಮೂರು ಸಿನಿಮಾ ಇನ್ನೊಂದು. ಎರಡಕ್ಕೂ ನಿರ್ದೇಶಕ ಯೊಶಿಯುಕಿ ತೊಮಿನೊ ಅವರೇ. ಕತೆಯೂ ಒಂದೇ. ಯುದ್ಧ ಶುರುವಾಗಿ ಒಂದೇ ತಿಂಗಳಲ್ಲಿ ಮನುಷ್ಯಕುಲದ ಅರ್ಧ ಜನ ಸತ್ತಿದ್ದಾರೆ. 15 ವರ್ಷದ ಅಮುರೊ ಎಂಬ ಹುಡುಗ ಕೈಪಿಡಿ ಓದುತ್ತಾ ಓದುತ್ತಾ ಒಂದು ದೈತ್ಯ ರೋಬೋ ಹತ್ತಿ ಕೂರುತ್ತಾನೆ.

ನಾನು ಮೊದಲು ನೋಡಿದ್ದು ಟೀವಿ ಸರಣಿ. ಕಸಿನ್ ಒಬ್ಬ ಅಮೆರಿಕದಿಂದ ಬರುವಾಗ ಬ್ಲೂ-ರೇ ಸೆಟ್ ತಂದುಕೊಟ್ಟಿದ್ದ. ಅಲ್ಲಿನ ಬ್ಲೂ-ರೇ 'ಎ' ವಲಯದ್ದು, ನಮ್ಮದು 'ಸಿ'. ನನ್ನ ಹತ್ತಿರ ಎಲ್ಲ ವಲಯಕ್ಕೂ ಆಗುವ ಪ್ಲೇಯರ್ ಇತ್ತು, ಬಚಾವಾದೆ. ಆಮೇಲೆ, ಮತ್ತೊಮ್ಮೆ ನೋಡಲು ಅಷ್ಟು ಸಮಯವಿಲ್ಲ, ಸಿನಿಮಾ ಆದರೆ ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ ಅಂತ ಹಳೆಯ ಡಿವಿಡಿ ಸೆಟ್ ಹುಡುಕಿದೆ. ಬೆಂಗಳೂರಿನಲ್ಲೇ ಒಬ್ಬರು ಮಾರುತ್ತಿದ್ದರು. 1,800 ರೂಪಾಯಿ. ಕಸಿನ್‌ಗೆ ನಾನು ಕೊಟ್ಟಿದ್ದು ಇದರ ನಾಲ್ಕು ಪಟ್ಟು. ಖುಷಿಯಾಯಿತು. "ಒರಿಜಿನಲ್ ಆಡಿಯೋ ಇದೆ ತಾನೆ?" ಎಂದು ಕೇಳಿದೆ. "ಇದೆ ಸಾರ್" ಅಂದರು.

ಯಡವಟ್ಟು ಆಗಿದ್ದು ಅಲ್ಲೇ.

ಶನಿವಾರ ರಾತ್ರಿ ಮೊದಲನೇ ಡಿಸ್ಕ್ ಹಾಕಿದೆ. ಐದು ನಿಮಿಷದಲ್ಲೇ ಏನೋ ಸರಿಯಿಲ್ಲ ಅನಿಸಿತು. ಚಿತ್ರ ಅದೇ, ಮಾತೂ ಅದೇ ಜಪಾನೀಸ್. ಆದರೆ ಕಿವಿ ಒಪ್ಪುತ್ತಿಲ್ಲ. ಟೀವಿಯ ಸೌಂಡ್ ಸೆಟ್ಟಿಂಗ್ ಬದಲಾಯಿಸಿದೆ. ಹೆಡ್‌ಫೋನ್ ಹಾಕಿ ನೋಡಿದೆ. ಊಹೂಂ. ರೋಬೋ ಬಂದೂಕಿನ ಆ ಹಳೇ 'ಕೀಂಯ್' ಸದ್ದು ಇಲ್ಲ, ಅದರ ಬದಲು ಈಗಿನ ಯಾವುದೋ ಆಕ್ಷನ್ ಸಿನಿಮಾದಲ್ಲಿ ಕೇಳಿದಂಥ ಸದ್ದು. ಸಂಗೀತ ಉಕ್ಕಿ ಬರಬೇಕಾದ ಕಡೆ ಮೌನ. ಮತ್ತೆ ಅಮುರೊ... ಅವನು ಅಮುರೊನೇ, ಆದರೆ ಜ್ವರ ಬಂದು ಎದ್ದವನ ಹಾಗೆ ನಿಧಾನ, ಗಂಭೀರ.

ಒಂದು ದೃಶ್ಯ ಇದೆ. ಇನ್ನು ಯುದ್ಧಕ್ಕೆ ಹೋಗಲ್ಲ ಎಂದು ಅಮುರೊ ಹಟ ಹಿಡಿಯುತ್ತಾನೆ. ಅವನಿರುವ ಬಾಹ್ಯಾಕಾಶ ಹಡಗಿನ ಕಮಾಂಡರ್ ಬ್ರೈಟ್ ಕೆನ್ನೆಗೆ ಬಾರಿಸುತ್ತಾನೆ. (ಬ್ರೈಟ್‌ಗೆ 19 ವರ್ಷ ಅಂದರೆ ಯಾರೂ ನಂಬಲ್ಲ. ಮೂರು ಮಕ್ಕಳ ತಂದೆಯ ಮುಖ ಅವನದು.) ನಮ್ಮಪ್ಪ ಕೂಡ ನನಗೆ ಹೊಡೆದಿಲ್ಲ ಎಂದು ಅಮುರೊ ಕೂಗುತ್ತಾನೆ. ಜಪಾನಿನಲ್ಲಿ ಈ ಮಾತು ಮನೆಮಾತು. ಟೀವಿಯಲ್ಲಿ ಅದನ್ನು ಕೇಳಿದರೆ ಹುಡುಗನ ಗಂಟಲು ಒಡೆಯುವುದು ನಿಮಗೆ ಕೇಳಿಸುತ್ತದೆ. ನನ್ನ ಡಿಸ್ಕ್‌ನಲ್ಲಿ ಅದೇ ಮಾತನ್ನು ಯಾರೋ ಚಿಕ್ಕಪ್ಪ ಹೇಳಿದ ಹಾಗಿತ್ತು.

ರಾತ್ರಿ ಒಂದು ಗಂಟೆಗೆ ಕೂತು ಹುಡುಕಿದ ಮೇಲೆ ಕತೆ ಗೊತ್ತಾಯಿತು. 2000ದಲ್ಲಿ ಈ ಮೂರು ಸಿನಿಮಾಗಳನ್ನು ಡಿವಿಡಿಗೆ ತರುವಾಗ ಶಬ್ದವನ್ನು ಪೂರ್ತಿ ಹೊಸದಾಗಿ ಮಾಡಿದ್ದಾರೆ. ಬಹುಪಾಲು ಅದೇ ಕಲಾವಿದರನ್ನು ಕರೆಸಿ ಮತ್ತೆ ಮಾತಾಡಿಸಿದ್ದಾರೆ. ಸದ್ದುಗಳನ್ನು ಬದಲಾಯಿಸಿದ್ದಾರೆ, ಸಂಗೀತವನ್ನೂ ಅಲ್ಲಿಲ್ಲಿ ಎತ್ತಿಹಾಕಿದ್ದಾರೆ. ಅಮುರೊಗೆ ದನಿ ಕೊಟ್ಟ ತೋರು ಫುರುಯಾ ಹುಟ್ಟಿದ್ದು 1953ರಲ್ಲಿ. ಸರಣಿ ಬಂದಾಗ 25ರ ಯುವಕ, ಈ ಡಿವಿಡಿ ಹೊತ್ತಿಗೆ ನಲವತ್ತೈದು ದಾಟಿದ್ದರು. ಅವರದೇನೂ ತಪ್ಪಿಲ್ಲ, ಒಳ್ಳೆಯ ಕಲಾವಿದ. ಆದರೆ ಅದು ಇಪ್ಪತ್ತು ವರ್ಷ ಯೋಚಿಸಿ ಆಡಿದ ಮಾತು. ಅಮುರೊ ಯೋಚಿಸದೆ ಆಡುವ ಹುಡುಗ, ಕತೆ ನಿಂತಿರುವುದೇ ಅದರ ಮೇಲೆ ಅಲ್ವಾ?

ಮಾರಿದವರಿಗೆ ಫೋನ್ ಮಾಡಿದೆ. "ಒರಿಜಿನಲ್ ಆಡಿಯೋ ಅಂದ್ರಲ್ಲಾ?" "ಜಪಾನೀಸ್ ಇದೆಯಲ್ಲ ಸಾರ್?" ಅಂದರು. ಅವರ ಲೆಕ್ಕದಲ್ಲಿ ಇಂಗ್ಲಿಷ್ ಡಬ್ಬಿಂಗ್ ಅಲ್ಲದ್ದೆಲ್ಲ ಒರಿಜಿನಲ್. ಜಗಳ ಆಡೋಣ ಅಂದರೆ ಅವರ ಮಾತೂ ತಪ್ಪಲ್ಲ. ಸುಮ್ನೆ ಫೋನ್ ಇಟ್ಟೆ.

ನೀವು ಹಳೇ ಡಿವಿಡಿ ಕೊಳ್ಳುವುದಾದರೆ ಡಬ್ಬಿಯ ಹಿಂಭಾಗದ ಫೋಟೋ ಕೇಳಿ. ಜಪಾನೀಸ್ ಮುಂದೆ 5.1 (ಸುತ್ತ ಐದು ಸ್ಪೀಕರ್‌ನಿಂದ ಬರುವ ಶಬ್ದ) ಅಂತ ಮಾತ್ರ ಇದ್ದರೆ ಅದು ಈ ಹೊಸ ಶಬ್ದದ್ದು. ಮೋನೋ (ಒಂದೇ ಸ್ಪೀಕರ್‌ನ ಶಬ್ದ) ಅಂತ ಇರಬೇಕು. 2010ರಲ್ಲಿ ಅಮೆರಿಕದಲ್ಲಿ ಮತ್ತೆ ಬಿಟ್ಟ ಡಿವಿಡಿಯಲ್ಲಿ ಥಿಯೇಟರಿನ ಹಳೇ ಮೋನೋ ವಾಪಸ್ ಬಂದಿದೆ. ಐದು ಸ್ಪೀಕರ್‌ಗಿಂತ ಒಂದೇ ಸ್ಪೀಕರ್ ಒಳ್ಳೆಯದು ಅಂತ ಹೇಳುವ ದಿನ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಸರಿ, ಶಬ್ದ ಬದಿಗಿಡೋಣ. ಸ್ನೇಹಿತನೊಬ್ಬನ ಹತ್ತಿರ ಮೋನೋ ಇರುವ ಸೆಟ್ ಇತ್ತು. ಅದನ್ನು ತಂದು ಮೂರನ್ನೂ ನ್ಯಾಯವಾಗಿ ನೋಡಿದೆ. ಆಗಲೂ ನನ್ನ ಮತ ಬದಲಾಗಲಿಲ್ಲ.

ಕಾರಣ ರಾಂಬಾ ರಾಲ್. ಶತ್ರುಪಡೆಯ ಈ ನಡುವಯಸ್ಸಿನ ಯೋಧ ಟೀವಿಯಲ್ಲಿ 12ನೇ ಕಂತಿನಲ್ಲಿ ಬಂದು 20ನೇ ಕಂತಿನಲ್ಲಿ ಸಾಯುತ್ತಾನೆ. ಆಗ ನೋಡಿದವರಿಗೆ ಅದು ಒಂಬತ್ತು ವಾರ. ನನಗೆ ಎಂಟು ರಾತ್ರಿ (ಒಂದು ಯಾಕೆ ಕಮ್ಮಿ ಅಂತ ಆಮೇಲೆ ಹೇಳುತ್ತೇನೆ). ಹಡಗು ಬಿಟ್ಟು ಓಡಿಹೋದ ಅಮುರೊ ಮರುಭೂಮಿಯ ಒಂದು ಊಟದ ಅಂಗಡಿಯಲ್ಲಿ ಕೂತಿರುತ್ತಾನೆ. ರಾಲ್‌ನ ಸಂಗಾತಿ ಹಾಮೊನ್ ಅವನಿಗೂ ಊಟ ಕೊಡಿಸಲು ಹೋಗುತ್ತಾಳೆ. ನಾನು ಭಿಕ್ಷುಕ ಅಲ್ಲ ಅಂತ ಹುಡುಗ ಬೇಡವೆನ್ನುತ್ತಾನೆ. ರಾಲ್‌ಗೆ ಅವನು ಇಷ್ಟವಾಗಿಬಿಡುತ್ತಾನೆ. ಇಬ್ಬರೂ ನಾಳೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಡುವವರು. ಸಿನಿಮಾದಲ್ಲೂ ಈ ದೃಶ್ಯ ಇದೆ. ಆದರೆ ಅಲ್ಲಿ ಎಲ್ಲರಿಗೂ ಬಸ್ಸಿಗೆ ಹೊತ್ತಾಗಿದೆ. ರಾಲ್ ಪರಿಚಯವಾಗುವಷ್ಟರಲ್ಲಿ ಸತ್ತಿರುತ್ತಾನೆ.

ಇನ್ನೊಂದು, ಉಪ್ಪು. 16ನೇ ಕಂತಿನಲ್ಲಿ ಹಡಗಿನ ಅಡುಗೆಭಟ್ಟ ಬಂದು ಉಪ್ಪು ಮುಗಿಯುತ್ತಿದೆ ಅನ್ನುತ್ತಾನೆ. ಹಡಗು ಲೋಪ್ ನೂರ್ ಎಂಬ ಉಪ್ಪಿನ ಸರೋವರದ ಕಡೆ ಹೊರಡುತ್ತದೆ. ರೋಬೋ ಕಾರ್ಯಕ್ರಮದಲ್ಲಿ ಉಪ್ಪಿನ ಚಿಂತೆ! ನಾನು ಈ ಸರಣಿಗೆ ಸೋತಿದ್ದು ಅಲ್ಲೇ. ಯುದ್ಧ ಅಂದರೆ ಅಡುಗೆಮನೆಯಲ್ಲೂ ನಡೆಯುವಂಥದ್ದು ಅಂತ ತೋರಿಸಲು ಪುರುಸೊತ್ತು ಬೇಕು. ವಾರಕ್ಕೊಂದು ಕಂತು ಇದ್ದವರಿಗೆ ಆ ಪುರುಸೊತ್ತು ಇತ್ತು.

ಟೀವಿ ಸರಣಿಯ ಕೊರತೆಗಳೂ ಕಮ್ಮಿಯಲ್ಲ. ಚಿತ್ರ ಎಷ್ಟೋ ಕಡೆ ಒರಟು, ಒಂದೇ ಶಾಟ್ ಹತ್ತು ಸಲ ಬರುತ್ತದೆ. ಆಟಿಕೆ ಮಾರುವ ಪ್ರಾಯೋಜಕರ ನೆರಳು ಎದ್ದು ಕಾಣುತ್ತದೆ. ಸರಪಳಿಗೆ ಕಟ್ಟಿದ ಮುಳ್ಳಿನ ಗುಂಡು ಬೀಸುವ ಗಂಡಮ್ ನೋಡಿದರೆ ನಗು ಬರುತ್ತದೆ. ಸಿನಿಮಾದಲ್ಲಿ ಅದು ಇಲ್ಲ. ಜಿ-ಆರ್ಮರ್ ಎಂಬ ಜೋಡಿಸುವ ವಿಮಾನವನ್ನೂ ತೆಗೆದು ಕೋರ್ ಬೂಸ್ಟರ್ ಎಂಬ ಬೇರೆ ವಿಮಾನ ಹಾಕಿದ್ದಾರೆ, ಅದು ಚೆನ್ನಾಗಿದೆ. ನನ್ನ ಏಳು ವರ್ಷದ ಮಗ ಮಾತ್ರ ಇದನ್ನು ಒಪ್ಪುವುದಿಲ್ಲ. ಅವನಿಗೆ ವಿಮಾನ ಜೋಡಿಸುವುದೇ ಕತೆ.

ಅಂದುಕೊಂಡಷ್ಟು ಆಟಿಕೆ ಮಾರಾಟವಾಗದೆ, ಜನವೂ ನೋಡದೆ, 52 ಕಂತು ಅಂತ ಶುರುವಾಗಿದ್ದು 43ಕ್ಕೆ ನಿಂತಿತು. ಮರುಪ್ರಸಾರ ಮತ್ತು 1980ರ ಜುಲೈನಲ್ಲಿ ಬಂದ 300 ಯೆನ್ನಿನ ಪ್ಲಾಸ್ಟಿಕ್ ಮಾಡೆಲ್ ಇಲ್ಲದಿದ್ದರೆ ಸಿನಿಮಾಗಳೂ ಬರುತ್ತಿದ್ದವೋ ಇಲ್ಲವೋ.

ಹಾಂ, ನನ್ನ ಬ್ಲೂ-ರೇಯಲ್ಲಿ ಇರುವುದು 42 ಕಂತು. 14 ಆದ ಮೇಲೆ 16. ಡಿಸ್ಕ್ ಕಳೆದಿದೆ ಅಂತ ಕಸಿನ್ ಮೇಲೆ ರೇಗಿದ್ದೆ, ಪಾಪ. 15ನೇ ಕಂತನ್ನು ಹೊರದೇಶಕ್ಕೆ ಕೊಡಬೇಡಿ ಎಂದು ತೊಮಿನೊ ಅವರೇ ಕೇಳಿಕೊಂಡಿದ್ದರಂತೆ. ಸಿನಿಮಾದಲ್ಲೂ ಅದಿಲ್ಲ. 2022ರಲ್ಲಿ ಅದೊಂದೇ ಕಂತಿನ ಕತೆಯನ್ನು ಯೊಶಿಕಾಝು ಯಸುಹಿಕೊ ಬೇರೆ ಸಿನಿಮಾ ಮಾಡಿದರು.

ಮೂರನೇ ಸಿನಿಮಾ ಮುಂದೆ ಮಾತ್ರ ನಾನು ಸೋಲೊಪ್ಪಿಕೊಳ್ಳುತ್ತೇನೆ. ಪಾತ್ರಗಳ ಚಿತ್ರ ಬಿಡಿಸಿದ ಇದೇ ಯಸುಹಿಕೊ ಸರಣಿಯ ಕೊನೆಯ ಹೊತ್ತಿಗೆ ಕಾಯಿಲೆ ಬಿದ್ದರು. ಟೀವಿಯ ಕೊನೆಯ ಕಂತುಗಳಲ್ಲಿ ಮುಖಗಳೇ ಆಚೀಚೆ ಆಗಿವೆ. 1982ರ ಸಿನಿಮಾಗೆ ಅವರು ವಾಪಸ್ ಬಂದು ತುಂಬಾ ಭಾಗವನ್ನು ಹೊಸದಾಗಿ ಬಿಡಿಸಿದರು. ಶತ್ರುಪಡೆಯ ಹುಡುಗಿ ಲಲಾ ಸಾಯುವ ದೃಶ್ಯವನ್ನು ಎರಡರಲ್ಲೂ ಬೆನ್ನುಬೆನ್ನಿಗೆ ನೋಡಿದೆ. ಟೀವಿಯದು ನೆನಪಿಗೂ ಬರಲಿಲ್ಲ.

ನಾನು ರಾತ್ರಿ ಊಟದ ತಟ್ಟೆ ಹಿಡಿದು ಕೂರುವವನು. ಒಂದು ಕಂತು, ಒಂದು ಊಟ. ಮುದ್ದೆ ಮುಗಿಯುವಷ್ಟರಲ್ಲಿ ಕಂತೂ ಮುಗಿಯುತ್ತದೆ. ಎರಡು ಗಂಟೆಗೂ ಜಾಸ್ತಿ ಇರುವ ಸಿನಿಮಾ ಅರ್ಧಕ್ಕೆ ನಿಲ್ಲಿಸಿದರೆ ಮಾರನೇ ದಿನ ಎಲ್ಲಿದ್ದೆ ಅಂತಲೇ ಗೊತ್ತಾಗಲ್ಲ. ನಿಮಗೆ ಒಂದೇ ಭಾನುವಾರ ಇದ್ದರೆ, ಕೈಯಲ್ಲಿ ದುಡ್ಡೂ ಬಿಗಿಯಾಗಿದ್ದರೆ, ಮೋನೋ ಇರುವ ಸಿನಿಮಾ ಸೆಟ್ ತಗೊಳ್ಳಿ, ಬೇಡ ಅನ್ನಲ್ಲ. ನಾನೀಗ ಮಾಡುವುದು ಬೇರೆ. ಟೀವಿಯಲ್ಲಿ 30 ಕಂತು ನೋಡಿ, ಅಲ್ಲಿಂದ ಮೂರನೇ ಸಿನಿಮಾಗೆ ಹಾರುತ್ತೇನೆ. ಅದನ್ನಂತೂ ಸ್ನೇಹಿತನ ಹತ್ತಿರ ಪ್ರತಿ ಸಲ ಬೇಡಿ ತರಬೇಕು.

ನನ್ನ 5.1 ಸೆಟ್ಟನ್ನು ಮಾರಾಟಕ್ಕೆ ಇಟ್ಟಿದ್ದೇನೆ, 1,200ಕ್ಕೆ. ಮೊನ್ನೆ ಒಬ್ಬರು ಮೆಸೇಜ್ ಮಾಡಿ "ಒರಿಜಿನಲ್ ಆಡಿಯೋ ಇದೆಯಾ?" ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಉದ್ದಕ್ಕೆ ಬರೆದು ಕಳಿಸಿದೆ. ಓದಿದ್ದಾರೆ ಅಂತ ತೋರಿಸುತ್ತಿದೆ. ಉತ್ತರ ಬಂದಿಲ್ಲ.