ಅಳತೆ ಬರೆದುಕೊಳ್ಳದೆ ಕ್ರ್ಯಾಂಕ್ ಕೊಡಬೇಡಿ, ತಗೊಳ್ಳುವವನು ನಮ್ಮೂರವನೇ ಆಗಿದ್ದರೂ

ಪುಣೆ ಕಡೆ ಹಳೆ ಗಾಡಿ ಇಟ್ಟುಕೊಂಡು, ದುಡ್ಡು ಉಳಿಸೋಣ ಅಂತ ಮನೆಯಲ್ಲೇ ಎಂಜಿನ್ ಬಿಚ್ಚುವ ನಮ್ಮವರು ಇದನ್ನು ಓದಲೇಬೇಕು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಚಾಕಣದ ಒಂದು ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಕೈಯಲ್ಲಿ ಮೈಕ್ರೋಮೀಟರ್. 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು, ಹೆಚ್ಚು ಬಂದರೆ ಇಡೀ ಲಾಟ್ ವಾಪಸ್ ಕಳಿಸುವವನು ನಾನು. ಆದರೆ ನಮ್ಮ ಮನೆಯ ಗಾಡಿಯ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ, ಎಂಜಿನ್‌ನೊಳಗಿನ ಉಕ್ಕಿನ ದಂಡ) ಅಳೆಯದೆ ಅಂಗಡಿಗೆ ಕೊಟ್ಟೆ, ಅಳೆಯದೆ ತಂದೆ.

ಗಾಡಿ ನಮ್ಮ ಭಾವನದು. 2001ರ ಟಾಟಾ 407, ಅದೇ ಹಳೆ 497 ಎಂಜಿನ್. ನಾಲ್ಕು ಸಿಲಿಂಡರ್, 97 ಎಂಎಂ ಬೋರ್, 2956 ಸಿಸಿ. ನಾರಾಯಣಗಾವ್‌ನಿಂದ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ಗೆ ಟೊಮೆಟೊ ತರುವ ಗಾಡಿ. ನೀಲಿ ಹೊಗೆ ಬರುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು. ಗ್ಯಾರೇಜಿನವರ ರೇಟು ಕೇಳಿ ಭಾವ ಮುಖ ಸಪ್ಪೆ ಮಾಡಿಕೊಂಡರು. "ನಾನೇ ಮಾಡ್ತೀನಿ ಬಿಡ್ರಿ ಭಾವ" ಅಂದೆ. ಅಕ್ಕನ ಮುಂದೆ ಸ್ವಲ್ಪ ಧಿಮಾಕು ಕೂಡ ಇತ್ತು, ಸುಳ್ಳು ಹೇಳುವುದಿಲ್ಲ. ಮೋಶಿಯ ನಮ್ಮ ಮನೆ ಹಿಂದಿನ ಶೆಡ್, ಬಾಡಿಗೆ ಚೈನ್ ಪುಲ್ಲಿ, ಎರಡು ಭಾನುವಾರ. ಎಂಜಿನ್ ಪೂರ್ತಿ ಬಿಚ್ಚಿಟ್ಟೆ.

ಕ್ರ್ಯಾಂಕ್ ಸುತ್ತ ಕೂರುವ ಬೇರಿಂಗ್ ಶೆಲ್‌ಗಳ ಬೆನ್ನ ಮೇಲೆ 'ಎಸ್‌ಟಿಡಿ', ಅಂದರೆ ಸ್ಟ್ಯಾಂಡರ್ಡ್ ಅಳತೆ, ಅಂತ ಒತ್ತಿತ್ತು. ಅಂದರೆ ಇಷ್ಟು ವರ್ಷಗಳಲ್ಲಿ ಆ ಕ್ರ್ಯಾಂಕ್‌ಗೆ ಒಂದು ಸಲವೂ ಗ್ರೈಂಡಿಂಗ್ ಕಲ್ಲು ತಾಗಿರಲಿಲ್ಲ. ಒಂದೊಂದು ಸಲಕ್ಕೆ ಕಾಲು ಎಂಎಂ ಸವೆಸುತ್ತಾ 0.25, 0.50, 0.75, 1.00 ಅಂತ ಇನ್ನೂ ನಾಲ್ಕು ಗ್ರೈಂಡಿಂಗ್‌ನ ಆಯಸ್ಸು ಅದರಲ್ಲಿ ಉಳಿದಿತ್ತು. ಹಳೆ ಗಾಡಿಯವರಿಗೆ ಇದು ಚಿನ್ನ. ಬ್ಲಾಕ್‌ಗೆ ಬೋರಿಂಗ್ (ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಸರಿ ಮಾಡುವುದು), ಕ್ರ್ಯಾಂಕ್‌ಗೆ ಬರೀ ಚೆಕ್ ಮಾಡಿ ಪಾಲಿಶ್. ಇದ್ದ ಕೆಲಸ ಅಷ್ಟೇ.

ಇಂಥ ಕೆಲಸ ಮಾಡುವ ಭೋಸರಿ ಕಡೆಯ ಒಂದು ಅಂಗಡಿಗೆ ಹೋದೆ. ಹೆಸರು ಬರೆಯುವುದಿಲ್ಲ. ನಾನು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಮಾಲೀಕನ ಕಿವಿಗೆ ಬಿತ್ತು. "ಯಾವೂರ್ರೀ ಸರ?" ಅಂದ. ಇಂಡಿ ಅಂದೆ. "ಅಯ್ಯ, ನಮ್ಮದೂ ಅಲ್ಲೇ ಬಾಜೂಕ ರೀ! ಏ ತಮ್ಮಾ, ಸರಗ ಚಾ ತಾ." ನಾನು ಅಲ್ಲೇ ಕರಗಿಬಿಟ್ಟೆ. ಬಿಲ್ ಕೇಳಿದರೆ, "ಬಿಲ್ ಮಾಡಿದ್ರ 18 ಪರ್ಸೆಂಟ್ ಜಿಎಸ್‌ಟಿ ಸುಮ್ನ ಹೋಗ್ತೈತ್ರಿ, ನಮ್ಮವ್ರಿಗೆ ಬಿಲ್ ಯಾತಕ್ಕ?" ಅಂದ. 9,000ಕ್ಕೆ ಮಾತಾಯಿತು, ನಗದು. 1,620 ರೂಪಾಯಿ ಉಳಿಯಿತು ಅಂತ ಖುಷಿಯಲ್ಲಿ ಚಹಾ ಕುಡಿದು ಬಂದೆ.

ಮೂರನೇ ದಿನ ಫೋನ್ ಬಂತು. ನಾನು ಕ್ಯಾಂಟೀನ್ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. "ಸರ, ಕ್ರ್ಯಾಂಕ್‌ನಾಗ ಗೆರಿ ಭಾಳ ಆಳ ಅದಾವ. 0.75ಕ್ಕ ಇಳಸಬೇಕಾಗ್ತೈತಿ." ಉಗುರಿಗೂ ಸಿಗದಂಥ ಗೆರೆ ಇದ್ದವು ಅದರಲ್ಲಿ! ಆ ಗೆರೆಗೆ 0.25 ಸಾಲಲಿಲ್ಲವಂತೆ, 0.50 ಸಾಲಲಿಲ್ಲವಂತೆ. ನಾನು ಏನಂದೆ ಗೊತ್ತಾ? "ಮಾಡ್ರಿ ಅಣ್ಣಾ, ನಿಮಗ ಗೊತ್ತಲ್ಲ." ಅಣ್ಣಾ ಅಂತೆ, ಅಣ್ಣಾ!

ತಂದಾಗ ಕನ್ನಡಿಯಂತೆ ಹೊಳೆಯುತ್ತಿತ್ತು. 0.75ರ ಶೆಲ್‌ಗಳನ್ನು ಅವನೇ ಪಕ್ಕದ ಅಂಗಡಿಯಿಂದ ಕೊಡಿಸಿದ. ಅಷ್ಟರಲ್ಲಿ ಟೊಮೆಟೊ ಸೀಸನ್ ಶುರುವಾಗಿತ್ತು. ಭಾವ ದಿನಕ್ಕೆ ಮೂರು ಸಲ ಫೋನ್. ಮೈಕ್ರೋಮೀಟರ್ ತರಲು ಒಂದು ದಿನ ಕಾಯಬೇಕಿತ್ತು. ಕಾಯಲಿಲ್ಲ. ಕೂರಿಸಿಬಿಟ್ಟೆ.

1,800 ಕಿಲೋಮೀಟರ್ ಓಡಿತು. ಚಾಕಣದ ತಳೇಗಾವ್ ಚೌಕದ ಜಾಮ್ ನಿಮಗೆ ಗೊತ್ತಲ್ವಾ? ಅಲ್ಲಿ ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ದೀಪ ಮಿಣಮಿಣ ಅಂದಿತು. ಮೋಶಿ ಮುಟ್ಟುವಷ್ಟರಲ್ಲಿ ಒಳಗೆ ಕಟಕಟ ಶಬ್ದ. ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್, ಇಳಿಸಿದೆ. ಆಯಿಲ್ ತುಂಬ ಮಿನುಗುವ ಪುಡಿ, ಶೆಲ್‌ಗಳ ಮೇಲ್ಪದರ ಸವೆದು ತಾಮ್ರ ಕಾಣುತ್ತಿತ್ತು. ಆಗ ತಂದೆ ನೋಡಿ ಮೈಕ್ರೋಮೀಟರ್! ಮೂರನೇ ಬಿಗ್ ಎಂಡ್ ಜರ್ನಲ್ (ಪಿಸ್ಟನ್‌ನ ರಾಡ್ ಬಂದು ಕೂರುವ, ಗುಂಡಗಿರಬೇಕಾದ ಭಾಗ) 70 ಮೈಕ್ರಾನ್ ಓವಲ್.

ಕೆಟ್ಟ ಗ್ರೈಂಡಿಂಗ್ ಅಂತಲೇ ಅಂದುಕೊಂಡಿದ್ದೆ. ಬಟ್ಟೆಯಿಂದ ಒರೆಸುತ್ತಾ ಮುಂದಿನ ವೆಬ್ (ಜರ್ನಲ್‌ಗಳನ್ನು ಜೋಡಿಸುವ ದಪ್ಪ ತೋಳು) ಹತ್ತಿರ ಬಂದಾಗ ಕೈ ನಿಂತಿತು. ಎಂಜಿನ್ ಬಿಚ್ಚುವ ದಿನ ಉಳಿ ಜಾರಿ ಅಲ್ಲಿ ಅರ್ಧ ಇಂಚಿನ ಗೀರು ಬಿದ್ದಿತ್ತು. ಗೀರು ಇಲ್ಲ. ತಿರುಗಿಸಿ ನೋಡಿದೆ. ಇಲ್ಲ. ಹಿಂದಿನ ತುದಿಯಿಂದ ನೋಡಿದೆ, ಟಾರ್ಚ್ ಬಿಟ್ಟು ನೋಡಿದೆ. ಇಲ್ಲ. ಆ ದಿನ ಭಾವನಿಗೆ ಅದರ ಫೋಟೋ ಕಳಿಸಿ "ಸ್ವಲ್ಪ ತಾಗಿತು, ಏನಾಗಲ್ಲ" ಅಂತ ಬರೆದಿದ್ದೆ. ಫೋಟೋ ಈಗಲೂ ಮೊಬೈಲಿನಲ್ಲಿದೆ. ಇದು ನಮ್ಮ ಕ್ರ್ಯಾಂಕೇ ಅಲ್ಲ. ಯಾರದ್ದೋ ಸವೆದ ಕ್ರ್ಯಾಂಕ್ ನಮಗೆ ದಾಟಿಸಿ, ನಮ್ಮದನ್ನು ಎಲ್ಲೋ ಮಾರಿದ್ದಾನೆ. ಶೆಡ್‌ನಲ್ಲಿ ಆಯಿಲ್ ಮೆತ್ತಿದ ಗೋಣಿಚೀಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ.

ಮರುದಿನ ಕ್ರ್ಯಾಂಕ್ ಹೊತ್ತುಕೊಂಡು ಹೋದೆ. ನಕ್ಕ. "ಗ್ರೈಂಡಿಂಗ್ ಮಾಡಿದ್ಮ್ಯಾಲೆ ಗೀರು ಉಳಿತೈತೇನ್ರಿ ಸರ?" ರೀ ಸ್ವಾಮಿ, ಗ್ರೈಂಡಿಂಗ್ ಆಗುವುದು ಜರ್ನಲ್‌ಗೆ. ವೆಬ್‌ಗೆ ಯಾರು ಕಲ್ಲು ಹಚ್ಚುತ್ತಾರೆ? ಹಾಗಂತ ಕೇಳಿದೆ. "ನೀವ ಆಯಿಲ್ ಕಮ್ಮಿ ಹಾಕಿ ಓಡ್ಸೀರಿ" ಅಂದ. ಫೋಟೋ ತೋರಿಸಿದೆ. ಒಂದು ಕ್ಷಣ ನೋಡಿದ. ಆಮೇಲೆ ಮುಖದ ನಗೆ ಹೋಯಿತು, ಬಾಯಿಂದ ಕನ್ನಡವೂ ಹೋಯಿತು. "ಬಿಲ್ ಆಹೇ ಕಾ? ಬಿಲ್ ದಾಖವಾ ಸಾಹೇಬ." ಬಿಲ್ ಇದೆಯಾ, ತೋರಿಸಿ ಅಂತ.

ಎಲ್ಲಕ್ಕಿಂತ ಇದೇ ಚುಚ್ಚಿದ್ದು. ಚಹಾ ಕುಡಿಸುವಾಗ ಕನ್ನಡ, ಬಿಲ್ ಬೇಡ ಅನ್ನುವಾಗ ಕನ್ನಡ, ಸಿಕ್ಕಿಬಿದ್ದಾಗ ಮರಾಠಿ. ಚಹಾ ತಂದುಕೊಟ್ಟಿದ್ದ ಹುಡುಗ ಲೇತ್ ಕಡೆ ತಿರುಗಿ ನಿಂತಿದ್ದ. ಪೊಲೀಸ್ ಅಂದೆ. "ಜಾ ನಾ", ಹೋಗು ಅಂದ. ಏನಂತ ಹೋಗಲಿ? ಕೈಯಲ್ಲಿ ಒಂದು ಚೀಟಿ ಇಲ್ಲ.

ಬೇರೆ ಕ್ರ್ಯಾಂಕ್‌ಗೆ 17,000, ಶೆಲ್‌ಗೆ 2,800, ಆಯಿಲ್ ಗ್ಯಾಸ್ಕೆಟ್ ಎಲ್ಲ ಸೇರಿ 4,000. ಒಟ್ಟು 23,800, 1,620 ಉಳಿಸಲು ಹೋಗಿ. ಸೀಸನ್‌ನಲ್ಲಿ 11 ದಿನ ಗಾಡಿ ನಿಂತಿತು, ಅದು ಬೇರೆ. ಭಾವ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೀವು ಕೊಡುವ ಮುಂಚೆ ಜರ್ನಲ್ ಅಳತೆ ಬರೆದುಕೊಳ್ಳಿ. ವೆಬ್ ಮೇಲೆ ಪಂಚ್‌ನಿಂದ ಗುರುತು ಹೊಡೆದು ಅವನ ಕಣ್ಣೆದುರೇ ಫೋಟೋ ತೆಗೆಯಿರಿ. ಅಳತೆ ಇರುವ ಪಕ್ಕಾ ಬಿಲ್ ತಗೊಳ್ಳಿ. ಗ್ರೈಂಡಿಂಗ್ ಬೇಕು ಅಂತ ಫೋನ್ ಬಂದರೆ ಹೋಗಿ ನೋಡದೆ ಹೂಂ ಅನ್ನಬೇಡಿ. ಚಹಾ ಬೇಕಿದ್ದರೆ ಹೊರಗೆ ಕುಡಿಯಿರಿ.

ಇದನ್ನು ಬರೆಯುವುದೋ ಬೇಡವೋ ಅಂತ ಇಷ್ಟು ದಿನ ಸುಮ್ಮನಿದ್ದೆ. ಮೊನ್ನೆ ನವೆಂಬರ್ 1ಕ್ಕೆ ಬೆಳಿಗ್ಗೆ ಆರೂವರೆಗೇ ಅವನಿಂದ ವಾಟ್ಸಾಪ್ ಬಂತು. ಹಳದಿ ಕೆಂಪು ಬಾವುಟ, ಕೆಳಗೆ 'ಸಮಸ್ತ ಕನ್ನಡಿಗರಿಗೆ ರಾಜ್ಯೋತ್ಸವದ ಶುಭಾಶಯಗಳು'.