ಮನೆಯಲ್ಲೇ ಕಟ್ಟುವ ಸಿಎನ್‌ಸಿ ರೂಟರ್‌ಗೆ ಬೆಲ್ಟೋ, ಸ್ಕ್ರೂವೋ?

ಸಿಎನ್‌ಸಿ ರೂಟರ್ ಎಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ; ಅದರ ಕೊರೆಯುವ ತಲೆಯನ್ನು ಮೋಟರು ಬೆಲ್ಟಿನಿಂದಲೋ ಸ್ಕ್ರೂವಿನಿಂದಲೋ ಸರಿಸುತ್ತದೆ. 20 ಹಲ್ಲಿನ ಪುಲ್ಲಿಗೆ ಜೋಡಿಸಿದ ಜಿಟಿ2 ಬೆಲ್ಟ್ (2 ಮಿ.ಮೀ.ಗೊಂದು ಹಲ್ಲಿರುವ ಪಟ್ಟಿ) ಮೋಟರಿನ ಒಂದು ಸುತ್ತಿಗೆ 40 ಮಿ.ಮೀ. ಸರಿಯುತ್ತದೆ, ಅಗ್ಗ, ವೇಗವೂ ಹೆಚ್ಚು. ಆದರೆ ಗಟ್ಟಿ ಮರವನ್ನು ಆಳವಾಗಿ ಕೊರೆಯುವಾಗ ಬೆಲ್ಟ್ ತುಸು ಹಿಗ್ಗುವುದರಿಂದ, ದುಂಡಗೆ ಬರಬೇಕಾದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುವುದುಂಟು. ಟಿ8 ಲೀಡ್ ಸ್ಕ್ರೂ (ತಿರುಗುತ್ತಾ ನಟ್ಟನ್ನು ಸರಿಸುವ 8 ಮಿ.ಮೀ. ದಪ್ಪದ ತಿರುಪು ಸರಳು) ಸಾಮಾನ್ಯವಾಗಿ ಅದೇ ಸುತ್ತಿಗೆ 8 ಮಿ.ಮೀ. ಮಾತ್ರ ಚಲಿಸುವುದರಿಂದ ತಳ್ಳುವ ಬಲ ಹೆಚ್ಚು. ಉದ್ದ ಹೆಚ್ಚಿದ್ದರೆ ಮಾತ್ರ ಈ ತೆಳು ಸರಳು ವೇಗದಲ್ಲಿ ತೊನೆಯುತ್ತದೆ, ನಟ್ಟು ಸವೆದಂತೆ ಸಡಿಲವೂ ಆಗುತ್ತದೆ.

16 ಮಿ.ಮೀ. ದಪ್ಪದ 1605 ಬಾಲ್ ಸ್ಕ್ರೂ (ನಟ್ಟಿನೊಳಗೆ ಗುಂಡುಗಳು ಉರುಳುವ ತಿರುಪು ಸರಳು) ಇವೆರಡಕ್ಕಿಂತ ಬಿಗಿ, ದುಬಾರಿಯೂ ಹೌದು. ಆದರೆ ಅದು ಸಲೀಸಾಗಿ ತಿರುಗುವುದರಿಂದ, ಮೇಲೆ-ಕೆಳಗೆ ಸರಿಯುವ ಝಡ್ ಅಕ್ಷಕ್ಕೆ ಹಾಕಿದರೆ, ವಿದ್ಯುತ್ ಹೋದಾಗ ಭಾರದ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರು) ತಾನಾಗಿಯೇ ಕೆಳಗಿಳಿದು ಕೊರೆಯುವ ಬಿಟ್ಟನ್ನು ಮರಕ್ಕೆ ಒತ್ತಬಹುದು.

ಕೈ ಬಿಗಿಯಿದ್ದವರು ಝಡ್‌ಗೆ ಟಿ8, ಅಡ್ಡ-ಉದ್ದ ಸರಿಯುವ ಉಳಿದೆರಡು ಅಕ್ಷಗಳಿಗೆ ಬೆಲ್ಟ್ ಹಾಕಿ ಆರಂಭಿಸುವುದೇ ಮೇಲೆಂದು ನನಗನಿಸುತ್ತದೆ. ಅಲ್ಯೂಮಿನಿಯಂ ಕತ್ತರಿಸುವ ಆಸೆ ಹುಟ್ಟಿದಾಗ ಬಾಲ್ ಸ್ಕ್ರೂಗೆ ಬದಲಾಯಿಸಬಹುದು, ಅದಕ್ಕೆ ಬೇಕಾದ ಜಾಗವನ್ನು ಚೌಕಟ್ಟಿನಲ್ಲಿ ಮೊದಲೇ ಬಿಟ್ಟಿದ್ದರೆ.