ಪೆಲೆಟ್ ತೂಗಲು ಅಗ್ಗದ ಸ್ಕೇಲ್ ಕೊಳ್ಳುವ ಮುನ್ನ ಇದನ್ನು ಓದಿ

ಏರ್‌ಗನ್ ಪೆಲೆಟ್ (ಗಾಳಿ ಬಂದೂಕಿನ ಸಣ್ಣ ಗುಂಡು) ತೂಗಿ ಒಂದೇ ತೂಕದವನ್ನು ಆರಿಸಲು ಎರಡು ಸಾವಿರ ರೂಪಾಯಿ ಒಳಗಿನ ಜ್ಯುವೆಲರಿ ಸ್ಕೇಲ್ ಆರ್ಡರ್ ಮಾಡಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ಅಂಗೈ ಅಗಲದ ಯಂತ್ರ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ಜೊತೆಗೆ ಚಿಮುಟ, ಹೊಳೆಯುವ 20 ಗ್ರಾಂ ಬಟ್ಟು. ಪೆಟ್ಟಿಗೆ ಮೇಲೆ ದೊಡ್ಡದಾಗಿ 0.001 ಗ್ರಾಂ ಅಂತ ಬರೆದಿರುತ್ತದೆ. ಅಂಥದ್ದೇ ಒಂದನ್ನು ನಾನು ಆನ್‌ಲೈನ್‌ನಲ್ಲಿ ತರಿಸಿದೆ. ದುಡ್ಡೂ ಹೋಯಿತು, ಸ್ಪರ್ಧೆಗೆ ಬಳಸುವ ಒಳ್ಳೆ ಮ್ಯಾಚ್ ಪೆಲೆಟ್‌ಗಳೂ ಸುಮ್ನೆ ರಿಜೆಕ್ಟ್ ಡಬ್ಬಿ ಸೇರಿದವು.

10 ಮೀಟರ್ ದೂರದ ಗುರಿಗೆ ಹೊಡೆಯುವ ರೈಫಲ್‌ನ .177 (ಅಂದರೆ 0.177 ಇಂಚು ಅಳತೆಯ) ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ. ಮೊದಲ ಸಂಜೆ ಒಂದು ಡಬ್ಬಿಯನ್ನು ಹಗುರ, ಸರಿ, ಭಾರ ಎಂದು ಮೂರು ಪಾಲು ಮಾಡಿದೆ. ಮರುದಿನ ಬೆಳಿಗ್ಗೆ ಮತ್ತೆ ತೂಗಿದರೆ ಭಾರದವು ಹಗುರವಾಗಿದ್ದವು, ಹಗುರದವು ಸರಿಯಾಗಿದ್ದವು! ಒಂದೇ ಪೆಲೆಟನ್ನು ಎತ್ತಿ ಎತ್ತಿ ಇಟ್ಟರೆ ಒಮ್ಮೆ 0.529, ಆಮೇಲೆ 0.534, ಇನ್ನೊಮ್ಮೆ 0.526. ಹಾಗೇ ಬಿಟ್ಟು ನೋಡುತ್ತ ಕೂತರೆ ಕೊನೆಯ ಅಂಕಿ ತಾನಾಗಿಯೇ ಏರುತ್ತಿತ್ತು. ಪೆಲೆಟ್ ತೆಗೆದರೆ ಮಾತ್ರ ಏನೂ ಅರಿಯದ ಮಗುವಿನ ಹಾಗೆ 0.000.

ಆ ಸೊನ್ನೆಯೇ ದೊಡ್ಡ ಮೋಸ. ಇಂಥ ಸ್ಕೇಲ್‌ಗಳ ಒಳಗೆ ಇರುವುದು ಒಂದು ಲೋಡ್ ಸೆಲ್. ಭಾರ ಬಿದ್ದಾಗ ಒಂದು ಲೋಹದ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ನ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನೇ ತೂಕವಾಗಿ ತೋರಿಸುತ್ತಾರೆ. ಬಿಸಿ, ತಂಪು, ಬ್ಯಾಟರಿ ಇಳಿಯುವುದು, ಎಲ್ಲವೂ ಆ ಅಳತೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಜರುಗಿಸುತ್ತವೆ. ಅದು ನಮಗೆ ಕಾಣಬಾರದು ಎಂದು ಹೆಚ್ಚಿನ ಸ್ಕೇಲ್‌ಗಳಲ್ಲಿ ಆಟೋ ಝೀರೋ ಇಟ್ಟಿರುತ್ತಾರೆ. ಸೊನ್ನೆಯ ಆಸುಪಾಸಿನಲ್ಲಿ ನಿಧಾನಕ್ಕೆ ಏನೇ ಜರುಗಿದರೂ ಅದನ್ನು ನುಂಗಿಕೊಂಡು ಸೊನ್ನೆಯನ್ನೇ ತೋರಿಸುತ್ತದೆ. ಖಾಲಿ ಇದ್ದಾಗ ಸ್ಥಿರ, ಪೆಲೆಟ್ ಇಟ್ಟ ಮೇಲೆ ಅಲೆದಾಟ.

ಮಾರಾಟಗಾರರಿಗೆ ದೂರು ಕೊಟ್ಟೆ. ಉತ್ತರ ಬಂತು: 'ಕ್ಯಾಲಿಬ್ರೇಟ್ ಮಾಡಿ.' ಅಂದರೆ ಜೊತೆಗೆ ಬಂದ ಬಟ್ಟನ್ನಿಟ್ಟು ಸ್ಕೇಲನ್ನು ಸರಿಹೊಂದಿಸಿ ಎಂದು. ಮಾಡಿದೆ. ಹಾಗೇ ಇದೆ ಎಂದೆ. 'ಬ್ಯಾಟರಿ ಬದಲಿಸಿ ಮತ್ತೆ ಕ್ಯಾಲಿಬ್ರೇಟ್ ಮಾಡಿ.' ಅದನ್ನೂ ಮಾಡಿದೆ. 'ವಿಡಿಯೊ ಕಳಿಸಿ.' ಕಳಿಸಿದೆ. ಅಷ್ಟರಲ್ಲಿ ರಿಟರ್ನ್ ಅವಧಿ ಮುಗಿದುಹೋಯಿತು. ಆಮೇಲೆ ಉತ್ತರವೂ ನಿಂತಿತು. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಳತೆ ಅಲೆಯುತ್ತಿದ್ದರೆ ಕ್ಯಾಲಿಬ್ರೇಷನ್ ಅದಕ್ಕೆ ಮದ್ದಲ್ಲ. ರಿಟರ್ನ್ ಬಟನ್ ಮೊದಲು ಒತ್ತಿ, ಮಾತುಕತೆ ಆಮೇಲೆ.

ಜೊತೆಗೆ ಬಂದ ಬಟ್ಟಿನ ಕಥೆಯೂ ಕೇಳಿ. ಪರಿಚಯದ ಚಿನ್ನದ ಅಂಗಡಿಗೆ ಒಯ್ದು, ಅವರ ಮುದ್ರೆ ಬಿದ್ದ ತಕ್ಕಡಿಯಲ್ಲಿ ಇಡಿಸಿದೆ. 20 ಗ್ರಾಂ ಇರಬೇಕಾದದ್ದು 19.97 ತೋರಿಸಿತು. ಬಟ್ಟುಗಳಿಗೆ ನಿಖರತೆಯ ದರ್ಜೆಗಳಿವೆ. ಎಂ1 ದರ್ಜೆಯ 20 ಗ್ರಾಂ ಬಟ್ಟಿಗೆ 2.5 ಮಿಲಿಗ್ರಾಂ ಹೆಚ್ಚುಕಡಿಮೆ ಇರಬಹುದು, ಎಫ್2 ದರ್ಜೆಗೆ 0.8 ಮಾತ್ರ. ಇದು 30 ಮಿಲಿಗ್ರಾಂ ಕಡಿಮೆ! ಆದರೆ ಲೆಕ್ಕ ಹಾಕಿ ನೋಡಿ, ತಮಾಷೆ ಗೊತ್ತಾಗುತ್ತದೆ. 20 ಗ್ರಾಂಗೆ 30 ಮಿಲಿಗ್ರಾಂ ಎಂದರೆ 0.15 ಶೇಕಡಾ. 0.53 ಗ್ರಾಂ ಪೆಲೆಟ್‌ಗೆ ಅದರ ಪರಿಣಾಮ ಒಂದು ಮಿಲಿಗ್ರಾಂ ಕೂಡ ಇಲ್ಲ. ಪೆಲೆಟ್ ವಿಂಗಡಿಸುವವರಿಗೆ ನಿಜವಾದ ತೂಕ ಅಷ್ಟು ಮುಖ್ಯವಲ್ಲ, ಅದೇ ಪೆಲೆಟ್‌ಗೆ ಅದೇ ಅಂಕಿ ಬರುವುದು ಮುಖ್ಯ. ನನ್ನ ಸ್ಕೇಲ್ ಸೋತದ್ದು ಅಲ್ಲೇ. ಕೆಲವರು ನಾಣ್ಯ ಇಟ್ಟು ಪರೀಕ್ಷೆ ಮಾಡುತ್ತಾರೆ. 2011ರ ಮಾದರಿಯ 5 ರೂಪಾಯಿ ನಾಣ್ಯ 6 ಗ್ರಾಂ ಅನ್ನುವುದು ನಿಜ. ಆದರೆ ಹತ್ತಾರು ಕೈ ದಾಟಿ ಸವೆದು, ಕೊಳೆ ಹಿಡಿದ ನಾಣ್ಯದಿಂದ ಮಿಲಿಗ್ರಾಂ ಪರೀಕ್ಷೆ ಆಗುವುದಿಲ್ಲ.

ಹಾಗಾದರೆ ಸ್ಕೇಲ್ ಬಂದ ದಿನವೇ ಏನು ನೋಡಬೇಕು? ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅಲುಗಾಡದ ಮೇಜಿನ ಮೇಲೆ ಇಡಿ. ಮೊಬೈಲ್ ದೂರ ಇರಲಿ, ಕೆಲವು ಅಗ್ಗದ ಸ್ಕೇಲ್‌ಗಳು ಅದಕ್ಕೂ ಬೆಚ್ಚುತ್ತವೆ. ಆನ್ ಮಾಡಿ ಅರ್ಧ ಗಂಟೆ ಬಿಡಿ. ತಾನಾಗಿಯೇ ಆಫ್ ಆಗುವುದನ್ನು ತಪ್ಪಿಸುವ ದಾರಿಯೇ ಇಲ್ಲದಿದ್ದರೆ ಬೆಚ್ಚಗಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ, ಅಂಥದ್ದು ಬೇಡವೇ ಬೇಡ. ಆಮೇಲೆ ಒಂದೇ ಪೆಲೆಟನ್ನು ಹತ್ತು ಸಲ ತೂಗಿ ಬರೆದುಕೊಳ್ಳಿ. ದೊಡ್ಡ ಅಂಕಿಗೂ ಸಣ್ಣ ಅಂಕಿಗೂ ಎಷ್ಟು ಅಂತರ ಇದೆಯೋ, ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ಆ ಸ್ಕೇಲ್ ಹೇಳಲಾರದು. ನನ್ನದರಲ್ಲಿ ಅದು 8 ಮಿಲಿಗ್ರಾಂ, ಅಂದರೆ ಪೆಲೆಟ್ ತೂಕದ ಒಂದೂವರೆ ಶೇಕಡಾ. ತಟ್ಟೆಯ ನಾಲ್ಕು ಮೂಲೆಗಳಲ್ಲಿ ಇಟ್ಟೂ ನೋಡಿ.

ಆಟೋ ಝೀರೋ ಕಾಟ ತಪ್ಪಿಸಲು ಒಂದು ಉಪಾಯ ಇದೆ. 10 ಗ್ರಾಂ ಬಟ್ಟನ್ನು ಮೊದಲೇ ತಟ್ಟೆಯಲ್ಲಿಟ್ಟು, ಟೇರ್ (ಅಂಕಿಯನ್ನು ಸೊನ್ನೆಗೆ ತರುವ ಬಟನ್) ಒತ್ತದೆ, ಅದರ ಪಕ್ಕ ಪೆಲೆಟ್ ಇಡಿ. ಆಗ ಅಂಕಿ ಸೊನ್ನೆಯ ಹತ್ತಿರ ಹೋಗುವುದೇ ಇಲ್ಲ. ಬಟ್ಟು ಒಂಟಿಯಾಗಿದ್ದಾಗಿನ ಅಂಕಿಯನ್ನು ಆಗಾಗ ನೋಡುತ್ತಿದ್ದರೆ ಸ್ಕೇಲ್ ಎಷ್ಟು ಜರುಗಿದೆ ಎಂದು ಕಣ್ಣೆದುರೇ ಗೊತ್ತಾಗುತ್ತದೆ.

ಇಷ್ಟೆಲ್ಲ ಒದ್ದಾಟ ಬೇಕಾ ಎಂದು ಕೇಳಿದರೆ, 10 ಮೀಟರ್‌ಗೆ ಬೇಡ ಎಂದೇ ಹೇಳುತ್ತೇನೆ. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೋಗುವ ಪೆಲೆಟ್ 10 ಮೀಟರ್ ದಾಟುವಾಗ ಸುಮಾರು 17 ಮಿಲಿಮೀಟರ್ ಕೆಳಗಿಳಿಯುತ್ತದೆ. ತೂಕ ಒಂದು ಶೇಕಡಾ ಬದಲಾದರೆ ಗುರಿ ಬದಲಾಗುವುದು ಸುಮಾರು 0.2 ಮಿಲಿಮೀಟರ್. ದಶಮಾಂಶದಲ್ಲಿ ಎಣಿಸುವ ಡೆಸಿಮಲ್ ಸ್ಕೋರಿನಲ್ಲಿ 0.1 ಅಂಕಕ್ಕೆ 0.25 ಮಿಲಿಮೀಟರ್ ಆಗುತ್ತದೆ, ಅಂದರೆ ಅಷ್ಟಕ್ಕೆ 0.1 ಅಂಕದಷ್ಟೂ ವ್ಯತ್ಯಾಸ ಆಗುವುದಿಲ್ಲ. ಆ ಸಮಯವನ್ನು ನಿಮ್ಮ ಬ್ಯಾರೆಲ್‌ಗೆ ಯಾವ ಬ್ಯಾಚ್ ಒಗ್ಗುತ್ತದೆ ಎಂದು ನೋಡಲು ಕೊಟ್ಟರೆ ಲಾಭ ಜಾಸ್ತಿ. 50 ಮೀಟರ್‌ನಲ್ಲಿ .22 ಪೆಲೆಟ್ ಅಥವಾ ಸ್ಲಗ್ (ಬುಲೆಟ್ ಆಕಾರದ ಏರ್‌ಗನ್ ಗುಂಡು) ಹೊಡೆಯುವವರ ಮಾತು ಬೇರೆ, ಅಲ್ಲಿ ಅದೇ ಒಂದು ಶೇಕಡಾ 2 ಮಿಲಿಮೀಟರ್ ಹತ್ತಿರ ಹೋಗುತ್ತದೆ. ಪುಣ್ಯಕ್ಕೆ ಸ್ಲಗ್ ಭಾರ ಜಾಸ್ತಿ. 30 ಗ್ರೇನ್ (ಗುಂಡುಗಳ ತೂಕ ಹೇಳುವ ಅಳತೆ) ಸ್ಲಗ್ ಎಂದರೆ 1.94 ಗ್ರಾಂ. ಸ್ಕೇಲ್ ಎರಡು ಮೂರು ಮಿಲಿಗ್ರಾಂ ಆಚೀಚೆ ಆದರೂ ಅಷ್ಟು ಏಟು ಬೀಳುವುದಿಲ್ಲ.

0.01 ಗ್ರಾಂನ ಅಗ್ಗದ ಸ್ಕೇಲ್‌ನಲ್ಲಿ ಬಿಡಿ ಪೆಲೆಟ್ ತೂಗಬೇಡಿ. ಅದರ ಒಂದು ಹೆಜ್ಜೆಯೇ 0.15 ಗ್ರೇನ್. ಆದರೆ ನೂರು ಪೆಲೆಟ್ ಒಟ್ಟಿಗೆ ತೂಗಿ ಎರಡು ಡಬ್ಬಿಗಳ ಸರಾಸರಿ ಹೋಲಿಸಲು ಅದು ಚೆನ್ನಾಗಿಯೇ ಆಗುತ್ತದೆ. ಒಂದೊಂದನ್ನೇ ವಿಂಗಡಿಸಲೇಬೇಕು ಅನ್ನುವವರು ಕ್ಲಬ್ಬಿನಲ್ಲಿ ನಾಲ್ಕು ಜನ ಸೇರಿ ಒಂದು ಒಳ್ಳೆ ತಕ್ಕಡಿ ಕೊಳ್ಳುವುದು ವಾಸಿ.

ಇನ್ನೊಂದು ವಿಷಯ. ಪೆಲೆಟ್ ಹೆಚ್ಚಾಗಿ ಸೀಸ. ಅದನ್ನು ತೂಗಿದ ತಟ್ಟೆಯಲ್ಲಿ ಕೇಸರಿ, ಯೀಸ್ಟ್, ಔಷಧಿ ಏನನ್ನೂ ಇಡಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಸ್ಕೇಲ್ ಸಿಗದ ಹಾಗೆ ಇಡಿ.